ಬಿಸ್ಕೀಟು ಡಬ್ಬಿಯ ಅಂಚೆಚೀಟಿಗಳು

ಹಳೆಯ ಅಂಚೆಚೀಟಿ ಎಂದಕೂಡಲೇ ನಮ್ಮ ಜನಕ್ಕೆ ಲಕ್ಷ, ಕೋಟಿಗಳ ಲೆಕ್ಕವೇ ಮೊದಲು ನೆನಪಾಗುತ್ತದೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಪತ್ರಿಕೆಗಳಲ್ಲಿ ಬರುವುದು ಅಂಥ ಸುದ್ದಿಯೇ. 2017ರ ಏಪ್ರಿಲ್‌ನಲ್ಲಿ ಗಾಂಧೀಜಿಯವರ ಚಿತ್ರವಿದ್ದ 10 ರೂಪಾಯಿ ಮುಖಬೆಲೆಯ ನಾಲ್ಕು ಭಾರತೀಯ ಚೀಟಿಗಳು ಲಂಡನ್ನಿನ ಸ್ಟಾನ್ಲಿ ಗಿಬ್ಬನ್ಸ್ ಸಂಸ್ಥೆಯ ಮೂಲಕ 5 ಲಕ್ಷ ಪೌಂಡಿಗೆ ಮಾರಾಟವಾದವು. 1856ರಲ್ಲಿ ಬ್ರಿಟಿಷ್ ಗಯಾನಾದಲ್ಲಿ ಅಚ್ಚಾದ ಒಂದು ಸೆಂಟಿನ ಕೆಂಪುಚೀಟಿ 2021ರಲ್ಲಿ 83 ಲಕ್ಷ ಡಾಲರಿಗೆ ಹೋಯಿತು. ಇಂಥ ಸುದ್ದಿ ಓದಿದ ಮೇಲೆ ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸದೆ ಇರಲು ಯಾರಿಂದ ಸಾಧ್ಯ?

ನಮ್ಮ ಮನೆಯಲ್ಲೂ ಟ್ರಂಕು ಇಳಿಯಿತು. ಕಳೆದ ವರ್ಷ, ಅಂದರೆ 2025ರಲ್ಲಿ, ನನ್ನ ತಂಗಿಯ ಮಗಳಿಗೆ ಬೆಳಗಾವಿಯಲ್ಲಿ ನರ್ಸಿಂಗ್ ಪದವಿಗೆ ಸೀಟು ಸಿಕ್ಕಿತು. ಸೀಟಿನ ಹಿಂದೆಯೇ ಶುಲ್ಕ, ಹಾಸ್ಟೆಲು, ಪುಸ್ತಕ, ಸಮವಸ್ತ್ರಗಳ ಪಟ್ಟಿಯೂ ಬಂತು. ತಂಗಿ ತನ್ನ ಬೋರಮಾಳವನ್ನು ಬ್ಯಾಂಕಿನಲ್ಲಿ ಅಡವಿಡುವ ಯೋಚನೆಯಲ್ಲಿದ್ದಳು. ಅದಕ್ಕೂ ಮೊದಲು ನನ್ನನ್ನು ಕೇಳಿದಳು: "ಅಣ್ಣಾ, ಅಪ್ಪನ ಡಬ್ಬ್ಯಾಗ ಗಾಂಧಿ ಚಿತ್ರದ್ದು ಭಾಳ ಇದ್ದವಲ್ಲ, ಒಂದೀಟ ತಗದ ನೋಡೂಣಲ್ಲ?"

ನಮ್ಮ ತಂದೆ ನಿಪ್ಪಾಣಿಯ ತಂಬಾಕಿನ ಅಡತಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬೀಡಿ ಕಟ್ಟುವ ಊರುಗಳಿಂದ ಅಡತಿಗೆ ದಿನವೂ ಟಪಾಲು ಬರುತ್ತಿತ್ತು. ಕೆಲಸ ಮುಗಿದ ಲಕೋಟೆಗಳನ್ನು ಮಾಲೀಕರ ಒಪ್ಪಿಗೆ ಪಡೆದು ಮನೆಗೆ ತರುತ್ತಿದ್ದರು. ಅಡತಿಯ ಹಳೆಯ ಕಡತಗಳನ್ನು ರದ್ದಿಗೆ ಹಾಕಿದಾಗಲೂ ಲಕೋಟೆಗಳನ್ನು ಉಳಿಸಿಕೊಂಡರು. ಹೀಗೆ ನಾಲ್ಕು ಬಿಸ್ಕೀಟು ಡಬ್ಬಿ ತುಂಬಿತ್ತು. ಅವರು ಹೋದ ಮೇಲೆ ಡಬ್ಬಿಗಳು ರಾಯಬಾಗದ ನನ್ನ ಮನೆಯಲ್ಲೇ ಇದ್ದವು. ಆದರೆ ಅವುಗಳ ಮೇಲೆ ನಮ್ಮಿಬ್ಬರಿಗೂ ಸಮಪಾಲು.

ಮೊದಲು ತಂಗಿಗೆ ಆ 5 ಲಕ್ಷ ಪೌಂಡಿನ ಕಥೆಯನ್ನು ಬಿಡಿಸಿ ಹೇಳಬೇಕಾಯಿತು. 1948ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಮೊದಲ ವರ್ಷಾಚರಣೆಗೆ, ಗಾಂಧೀಜಿಯವರ ನಾಲ್ಕು ಚೀಟಿಗಳು ಹೊರಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಮತ್ತು 10 ರೂಪಾಯಿ. ಇವು ಅಚ್ಚಾದದ್ದು ಸ್ವಿಟ್ಜರ್‌ಲೆಂಡಿನಲ್ಲಿ. ಇವುಗಳ ಪೈಕಿ 10 ರೂಪಾಯಿಯ ನೂರೇ ನೂರು ಚೀಟಿಗಳ ಮೇಲೆ ಗವರ್ನರ್ ಜನರಲ್‌ರ ಕಚೇರಿಯ ಬಳಕೆಗೆಂದು ‘ಸರ್ವಿಸ್’ ಎಂಬ ಪದವನ್ನು ಮೇಲಚ್ಚು ಮಾಡಲಾಯಿತು. ಅಷ್ಟು ಹಣಕ್ಕೆ ಹೋದದ್ದು ಆ ನೂರರ ಪೈಕಿ ನಾಲ್ಕು. ಒಂದೂವರೆ ಆಣೆಯ ಕಂದುಬಣ್ಣದ ಗಾಂಧಿಯಾದರೋ ದೇಶದ ಮೂಲೆ ಮೂಲೆಗೂ ಹೋಗಿಬಂದ ಚೀಟಿ. ನಮ್ಮ ಡಬ್ಬಿಯಲ್ಲಿದ್ದದ್ದು ಬಹುಪಾಲು ಅದೇ. ಹಸಿರು ಬಣ್ಣದ 12 ಆಣೆಯದು ಒಂದೇ ಒಂದು ಇತ್ತು. ತಂಗಿಯ ಮುಖ ಸಣ್ಣದಾಯಿತು. "ಆಗಲಿ, ಎಷ್ಟ ಬರತಾವೋ ಅಷ್ಟ ಬರಲಿ" ಎಂದಳು. ಬೇಸಿಗೆ ರಜೆಯ ಉಳಿದ ದಿನಗಳಲ್ಲಿ ನಾನು, ಸೊಸೆ ಇಬ್ಬರೂ ಕೂತು ಅಂತರ್ಜಾಲದ ಮಾರುಕಟ್ಟೆಗೆ ಹಾಕುವಂತೆ ಅವನ್ನು ಅಣಿಗೊಳಿಸುವುದೆಂದು ನಿರ್ಧಾರವಾಯಿತು.

ವಿದ್ಯಾರ್ಥಿಗಳೇ, ಈ ಕೆಲಸವನ್ನು ನೀವು ಎಂದಾದರೂ ಮಾಡುವುದಾದರೆ ಮೊದಲ ಪಾಠ ವರ್ಗೀಕರಣದ್ದು. ಚೆಂದ ಕಂಡದ್ದನ್ನು ಒಂದೆಡೆ ಇಡಲು ಕೈ ಹೋಗುತ್ತದೆ. ಹಾಗೆ ಮಾಡಬಾರದು. ಜೀವಶಾಸ್ತ್ರದಲ್ಲಿ ವಂಶ, ಕುಲ, ಪ್ರಭೇದ ಎಂದು ಇಳಿಯುವಂತೆ ಇಲ್ಲಿ ಮೊದಲು ದೇಶ, ಆಮೇಲೆ ಕಾಲ, ಆಮೇಲೆ ಮಾಲಿಕೆ, ಕೊನೆಗೆ ಮುಖಬೆಲೆ. ದೇಶ ಗುರುತಿಸುವುದು ಒಮ್ಮೊಮ್ಮೆ ಒಗಟು. ‘ಹೆಲ್ವೇಷಿಯಾ’ ಎಂದಿದ್ದರೆ ಸ್ವಿಟ್ಜರ್‌ಲೆಂಡ್, ‘ಮಗ್ಯಾರ್’ ಎಂದಿದ್ದರೆ ಹಂಗೇರಿ, ‘ಸುವೋಮಿ’ ಎಂದಿದ್ದರೆ ಫಿನ್ಲೆಂಡ್. ದೇಶದ ಹೆಸರೇ ಇಲ್ಲದೆ ಬರೀ ರಾಜನ ಅಥವಾ ರಾಣಿಯ ತಲೆಯಿದ್ದರೆ ಅದು ಬ್ರಿಟನ್ನಿನದು. 1840ರಲ್ಲಿ ಜಗತ್ತಿಗೇ ಮೊದಲು ಅಂಟುಚೀಟಿ ತಂದ ದೇಶವೆಂಬ ಕಾರಣಕ್ಕೆ ಅವರು ಇಂದಿಗೂ ಚೀಟಿಯ ಮೇಲೆ ಹೆಸರು ಹಾಕುವುದಿಲ್ಲ.

ಭಾರತದ ಚೀಟಿಗಳ ಕಾಲ ತಿಳಿಯಲು ಮುಖಬೆಲೆಯೇ ಒಳ್ಳೆಯ ಪಂಚಾಂಗ. ಆಣೆಯಲ್ಲಿದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ಆ ದಿನ ದಶಮಾಂಶ ಪದ್ಧತಿ ಬಂತು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನ ಲೆಕ್ಕದ್ದು. ಆಮೇಲೆ ‘ನಯೇ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರಂದು ಬಂದ ರಾಷ್ಟ್ರಧ್ವಜದ ಮೂರೂವರೆ ಆಣೆಯದು. ಅದರ ಮೇಲೆ ‘ಜೈ ಹಿಂದ್’ ಎಂದಿದೆ. ತಂದೆಯವರ ಡಬ್ಬಿಯಲ್ಲಿ ಆರನೆಯ ಜಾರ್ಜ್ ದೊರೆಯಿಂದ ಹಿಡಿದು 1960ರಲ್ಲಿ ಬಂದ ನಮ್ಮ ವಿಶ್ವೇಶ್ವರಯ್ಯನವರವರೆಗೆ, ಅಲ್ಲಿಂದ 1971ರ ಸಿ.ವಿ. ರಾಮನ್, 1975ರ ಆರ್ಯಭಟ ಉಪಗ್ರಹ, 1977ರ ಕಿತ್ತೂರು ರಾಣಿ ಚೆನ್ನಮ್ಮನವರೆಗೆ ಇದ್ದವು.

ಎರಡನೆಯದು ಶುಚಿಮಾಡುವ ಕೆಲಸ. ಬಳಸಿದ ಚೀಟಿಯನ್ನು ಕಾಗದದಿಂದ ಕೀಳಬಾರದು. ತಣ್ಣೀರಿನ ತಟ್ಟೆಯಲ್ಲಿ ಅದನ್ನು ಮುಖ ಮೇಲೆ ಮಾಡಿ ತೇಲಿಬಿಟ್ಟರೆ ಅಂಟು ತಾನೇ ಕರಗಿ ಕಾಗದ ಬೇರೆಯಾಗುತ್ತದೆ. ಕೆಂಪು ಅಥವಾ ಗಾಢಬಣ್ಣದ ಲಕೋಟೆಯ ತುಂಡನ್ನು ಬೇರೆ ತಟ್ಟೆಯಲ್ಲೇ ಹಾಕಬೇಕು. ಅದರ ಬಣ್ಣ ಬಿಟ್ಟು ಉಳಿದವಕ್ಕೆ ಹತ್ತುತ್ತದೆ. ಆಮೇಲೆ ಒತ್ತುಕಾಗದದ ನಡುವೆ ಇಟ್ಟು ಮೇಲೊಂದು ದಪ್ಪ ಪುಸ್ತಕ. ಕೈಯಿಂದ ಮುಟ್ಟದೆ ಚಿಮಟದಿಂದ ಹಿಡಿಯಬೇಕು. ಬೆರಳಿನ ಎಣ್ಣೆ, ಬೆವರು ಕಾಗದಕ್ಕೆ ಹತ್ತಿದರೆ ವರ್ಷಗಳ ಮೇಲೆ ಕಂದು ಕಲೆ ಏಳುತ್ತದೆ. ಅಗ್ಗದ ಪಿ.ವಿ.ಸಿ. ಹಾಳೆಯ ಆಲ್ಬಮ್ಮೂ ಬೇಡ. ಅದನ್ನು ಮೃದುಮಾಡಲು ಬೆರೆಸಿದ ರಾಸಾಯನಿಕ ಕ್ರಮೇಣ ಹೊರಬಂದು ಶಾಯಿಗೆ ತಗಲುತ್ತದೆ. ಸೆಲ್ಲೋಟೇಪಿನ ಹೆಸರನ್ನೇ ಎತ್ತಬೇಡಿ.

ಮೂರನೆಯದು ಅಳತೆ. ಚೀಟಿಯ ಅಂಚಿನ ಹಲ್ಲುಗಳನ್ನು ಎಣಿಸುವ ಕ್ರಮ ಜಗತ್ತಿಗೆಲ್ಲ ಒಂದೇ: ಎರಡು ಸೆಂಟಿಮೀಟರಿನಲ್ಲಿ ಎಷ್ಟು ರಂಧ್ರಗಳಿವೆಯೋ ಅದೇ ಅದರ ಸಂಖ್ಯೆ. 1948ರ ಗಾಂಧಿ ಚೀಟಿಗಳದು ಹನ್ನೊಂದೂವರೆ. ಬೇರೆ ಸಂಖ್ಯೆ ಬಂದರೆ ಅನುಮಾನಪಡಬೇಕು. ಇದಕ್ಕೆ ಅಳತೆಪಟ್ಟಿ ಸಿಗುತ್ತದೆ. ಇಲ್ಲವಾದರೆ ಜ್ಯಾಮಿತಿ ಪೆಟ್ಟಿಗೆಯ ಸ್ಕೇಲು ಮತ್ತು ಒಂದು ಮಸೂರ ಸಾಕು.

ಕಾಗದದೊಳಗಿನ ಜಲಚಿಹ್ನೆಯನ್ನು ನೋಡುವ ಬಗೆ ಇನ್ನೂ ಸ್ವಾರಸ್ಯಕರ. ಕಪ್ಪು ತಟ್ಟೆಯಲ್ಲಿ ಚೀಟಿಯನ್ನು ಬೋರಲು ಹಾಕಿ ಮೇಲೆ ಒಂದೆರಡು ಹನಿ ಬೆಂಜೀನ್ ದ್ರಾವಕ, ಅಂದರೆ ಸಿಗರೇಟು ಲೈಟರಿಗೆ ತುಂಬುವ ತೈಲವನ್ನು ಬಿಡುತ್ತಾರೆ. ಅಚ್ಚಿಗೆ ಮುನ್ನವೇ ಕಾಗದದಲ್ಲಿ ಮೂಡಿಸಿದ ನಕ್ಷತ್ರವೋ ಅಶೋಕಸ್ತಂಭವೋ ಕಪ್ಪಾಗಿ ಕಾಣಿಸುತ್ತದೆ. ಕಾರಣವೇನು? ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನು ನೆನಪಿಸಿಕೊಳ್ಳಿ. ಎಣ್ಣೆ ಹತ್ತಿದ ಜಾಗದಲ್ಲಿ ಆಚೆಯದು ಕಾಣಿಸುತ್ತದಲ್ಲವೇ? ಕಾಗದದ ನಾರುಗಳ ನಡುವೆ ಗಾಳಿ ಇದೆ. ಗಾಳಿಯ ಮತ್ತು ನಾರಿನ ವಕ್ರೀಭವನ ಸೂಚಿಗಳು ದೂರದೂರ ಇರುವುದರಿಂದ ಬೆಳಕು ಅಲ್ಲಲ್ಲೇ ಚದುರಿ ಕಾಗದ ಬೆಳ್ಳಗೆ ಕಾಣುತ್ತದೆ. ಗಾಳಿಯ ಜಾಗದಲ್ಲಿ ದ್ರವ ತುಂಬಿದರೆ ಆ ಅಂತರ ಕಡಿಮೆಯಾಗಿ ಬೆಳಕು ಹಾದುಹೋಗುತ್ತದೆ. ತೆಳುವಾದ ಕಡೆ ಇನ್ನೂ ಹೆಚ್ಚು ಹಾದು, ಕೆಳಗಿನ ಕಪ್ಪು ಎದ್ದು ಕಾಣುತ್ತದೆ. ಬೆಂಜೀನ್ ಬಳಸುವಾಗ ಕಿಟಕಿ ತೆರೆದಿರಬೇಕು, ಹತ್ತಿರ ದೀಪ, ಬೆಂಕಿ ಇರಕೂಡದು, ಮಕ್ಕಳು ಒಬ್ಬರೇ ಮಾಡಕೂಡದು. ಕೆಲವು ಬಗೆಯ ಮುದ್ರಣದ ಶಾಯಿಗೆ ಇದರಿಂದ ಹಾನಿಯೂ ಉಂಟು. ಆದ್ದರಿಂದ ಸ್ವಿಸ್ ಮುದ್ರಣದ ಗಾಂಧಿಗೆ ನಾವು ಬೆಂಜೀನ್ ಹಾಕದೆ ಬೆಳಕಿಗೆ ಹಿಡಿದು ನೋಡಿದೆವು.

1949ರ ಪುರಾತತ್ವ ಮಾಲಿಕೆಯಲ್ಲಿ ನನಗೂ ಸೊಸೆಗೂ ಸಂತೋಷದ ಎರಡು ಗಳಿಗೆ ಸಿಕ್ಕವು. ಮೊದಲನೆಯದು ಆರು ಆಣೆಯ ಚೀಟಿ. ಅದರ ಮೇಲಿರುವುದು ನಮ್ಮ ವಿಜಾಪುರದ ಗೋಲಗುಮ್ಮಟ. ಎರಡನೆಯದು ಒಂದು ಆಣೆಯ ಬೋಧಿಸತ್ವ. ಸೊಸೆ ಮಸೂರ ಹಿಡಿದು ನೋಡುತ್ತಿದ್ದವಳು, "ಮಾಮಾ, ಇವೆರಡೂ ಒಂದ ಅಲ್ಲ. ಒಂದು ಇನ್ನೊಂದರ ಕನ್ನಡ್ಯಾಗಿನ ಬಿಂಬ ಇದ್ದಂಗ ಐತಿ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. 1949ರಲ್ಲಿ ಆ ಮೂರ್ತಿಯ ಚಿತ್ರ ಎಡಬಲ ಅದಲುಬದಲಾಗಿ ಅಚ್ಚಾಗಿತ್ತು. 1950ರಲ್ಲಿ ಸರಿಪಡಿಸಿದ ಚೀಟಿ ಬಂತು. ಡಬ್ಬಿಯಲ್ಲಿ ಎರಡೂ ಕಲೆತು ಬಿದ್ದಿದ್ದವು. ‘ಅತ್ಯಪೂರ್ವ ತಪ್ಪುಮುದ್ರಣ’ ಎಂದು ಬರೆಯೋಣವೇ ಎಂದು ಕೇಳಿದಳು. ಬೇಡವೆಂದೆ. ತಪ್ಪಾಗಿ ಅಚ್ಚಾದದ್ದೆಲ್ಲ ಅಪೂರ್ವವಲ್ಲ. ಸರಿಪಡಿಸುವವರೆಗೂ ಅದೇ ಚೀಟಿ ದೇಶದ ತುಂಬ ಓಡಾಡಿದೆ. ‘1949ರ ಮೂಲ ಮುದ್ರಣ, ಚಿತ್ರ ತಿರುಗಿದ್ದು’ ಎಂದಿಷ್ಟು ಬರೆದರೆ ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಮೋಸವಾಗುವುದಿಲ್ಲ.

ವಿವರಣೆ ಬರೆಯುವುದಕ್ಕೆ ನಾವು ಒಂದು ನಮೂನೆ ಮಾಡಿಕೊಂಡೆವು: ದೇಶ, ವರ್ಷ, ಮುಖಬೆಲೆ, ಬಣ್ಣ, ಚಿತ್ರ, ಕ್ಯಾಟಲಾಗ್ ಸಂಖ್ಯೆ, ಜಲಚಿಹ್ನೆ, ಹಲ್ಲುಗಳ ಅಳತೆ, ಬಳಸಿದ್ದೋ ಇಲ್ಲವೋ, ಹಿಂದಿನ ಅಂಟು ಉಳಿದಿದೆಯೋ ಇಲ್ಲವೋ, ಮುದ್ರೆ ಹಗುರವೋ ಭಾರವೋ, ಕುಂದು. ಈ ಕೊನೆಯ ‘ಕುಂದು’ ಎಂಬ ಕಲಮನ್ನು ಎಂದೂ ಖಾಲಿ ಬಿಡಬಾರದು. ಕುಂದು ಇಲ್ಲದಿದ್ದರೆ ‘ಕಂಡುಬಂದಿಲ್ಲ’ ಎಂದು ಬರೆಯಬೇಕು. ಕ್ಯಾಟಲಾಗಿನಲ್ಲಿ ಅಚ್ಚಾದ ಬೆಲೆ ಕೈಗೆ ಬರುವ ಬೆಲೆಯಲ್ಲ ಎಂಬುದನ್ನೂ ನೆನಪಿಡಬೇಕು. ಅದು ಕುಂದಿಲ್ಲದ ಚೀಟಿಗೆ ವ್ಯಾಪಾರಿ ಹೇಳುವ ಬೆಲೆ. ಇದೇ ಥರದ ಚೀಟಿಗಳು ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿವೆ ಎಂದು ನೋಡಿದರೆ ಸರಿಯಾದ ಅಂದಾಜು ಸಿಗುತ್ತದೆ. ಚಿತ್ರಕ್ಕೆ ಸ್ಕ್ಯಾನರ್ ಒಳ್ಳೆಯದು. ಹಿಂದೆ ಕಪ್ಪು ಕಾಗದವಿಟ್ಟರೆ ಹಲ್ಲುಗಳು ಸ್ಪಷ್ಟವಾಗುತ್ತವೆ. ಹಿಂಬದಿಯ ಚಿತ್ರವೂ ಬೇಕು. ಬಣ್ಣ ಏರಿಸುವ, ಕಲೆ ಅಳಿಸುವ ಚಮತ್ಕಾರ ಬೇಡ.

ಇಷ್ಟಾದ ಮೇಲೆ ಬಂದದ್ದು ಆ 12 ಆಣೆಯ ಗಾಂಧಿಯ ಸರದಿ. ಮುಂದಿನಿಂದ ಬಹಳ ಅಂದವಾಗಿತ್ತು. ಮುದ್ರೆಯೂ ಮೂಲೆಯಲ್ಲಿ ಹಗುರವಾಗಿ ಬಿದ್ದಿತ್ತು. ಬೆಳಕಿಗೆ ಹಿಡಿದಾಗ ಮಾತ್ರ ಹಿಂಬದಿಯಲ್ಲಿ ಜೋಳದ ಕಾಳಿನಷ್ಟು ಜಾಗ ತೆಳುವಾದದ್ದು ಕಂಡಿತು. ಎಂದೋ ಯಾರೋ ಒಣ ಕೈಯಿಂದ ಕಿತ್ತಾಗ ಕಾಗದದ ಪದರ ಹೋಗಿತ್ತು. ಚೀಟಿ ಸಂಗ್ರಹಿಸುವವರ ಲೆಕ್ಕದಲ್ಲಿ ಇದು ಸಣ್ಣ ಕುಂದಲ್ಲ. ಬೆಲೆ ಅರ್ಧಕ್ಕೂ ಕೆಳಗೆ ಇಳಿಯಬಹುದು.

"ಮಾಮಾ, ಫೋಟೋದಾಗ ಇದು ಕಾಣ್ಸೂದ ಇಲ್ಲ. ಯಾಕ ಬರೀಬೇಕು?" ಎಂದಳು ಸೊಸೆ.

"ಪ್ರಯೋಗದ ವಹಿಯೊಳಗ ಬಂದ ಅಳತಿ ಬರೀತಿಯೋ, ಬರಬೇಕಾದ ಅಳತಿ ಬರೀತಿಯೋ?" ಎಂದು ಕೇಳಿದೆ. ಸರಳ ಲೋಲಕದ ಪ್ರಯೋಗದಲ್ಲಿ ಉತ್ತರ ಹೇಗೂ 9.8 ಬರಬೇಕು ಎಂದು ಕೋಷ್ಟಕವನ್ನು ಹಿಂದಿನಿಂದ ತುಂಬಿಕೊಂಡು ಬರುವ ಹುಡುಗರನ್ನು ನಾನು ಬಹಳ ನೋಡಿದ್ದೇನೆ.

ಅವಳು ಸುಮ್ಮನಾಗಲಿಲ್ಲ. "ವಹಿಯೊಳಗ ಬರದ್ರ ರೊಕ್ಕ ಹೋಗೂದಿಲ್ಲ ಮಾಮಾ, ಇಲ್ಲಿ ಹೋಗತೈತಿ" ಎಂದಳು. ಒಳಗೆ ಒಲೆಯ ಮುಂದೆ ಇದ್ದ ತಂಗಿ ಮಾತಾಡಲಿಲ್ಲ. ಅವಳ ಕೊರಳಲ್ಲಿ ಬೋರಮಾಳ ಇನ್ನೂ ಇತ್ತು. ಹುಡುಗಿಯ ಮಾತಿನಲ್ಲಿ ನಿಜವಿತ್ತು. ಉಪದೇಶ ಮಾಡುವವನ ಜೇಬಿನಿಂದ ಹಣ ಹೋಗುವುದಿಲ್ಲ. ಅದು ಹೋಗುವುದು ಶುಲ್ಕ ಕಟ್ಟಬೇಕಾದವರದು. "ಶುಲ್ಕ ನಿಂದು, ನೀನ ಬರಿ, ನಾ ಏನೂ ಅನ್ನೂದಿಲ್ಲ" ಎಂದು ಆ ಹೊತ್ತಿಗೆ ಪಟ್ಟಿಯನ್ನು ಅವಳ ಕೈಗೇ ಕೊಟ್ಟೆ.

ಮಾರನೆಯ ಬೆಳಿಗ್ಗೆ ನೋಡಿದರೆ ಕುಂದಿನ ಕಲಮಿನಲ್ಲಿ ಅವಳೇ ಬರೆದಿದ್ದಳು: ‘ಹಿಂಬದಿಯಲ್ಲಿ, ಬಲ ಅಂಚಿನ ಹತ್ತಿರ, ಸುಮಾರು ಮೂರು ಮಿಲಿಮೀಟರ್ ಕಾಗದ ತೆಳುವಾಗಿದೆ. ಮುಂದಿನಿಂದ ಕಾಣುವುದಿಲ್ಲ. ಬೆಳಕಿಗೆ ಹಿಡಿದ ಚಿತ್ರ ಜೊತೆಗಿದೆ.’ ನಾನು ಏನೂ ಕೇಳಲಿಲ್ಲ. ಅವಳೇ ಅಂದಳು: "ಚಾರ್ಟಿನ್ಯಾಗ ಜ್ವರ ಕಡಿಮಿ ಅಂತ ಬರದ್ರ ಪೇಶಂಟಿನ ಜ್ವರ ಇಳೀತದೇನು?" ಇನ್ನೂ ಕಾಲೇಜಿನ ಮೆಟ್ಟಿಲು ಹತ್ತದ ಹುಡುಗಿ ಹೇಳಿದ ಈ ಮಾತು ನನ್ನ ಲೋಲಕದ ಉದಾಹರಣೆಗಿಂತ ಚೆನ್ನಾಗಿದೆ ಎಂದು ನನಗನ್ನಿಸಿತು.

ಇನ್ನು ಲಕೋಟೆಗಳ ವಿಚಾರ. ಚೀಟಿಯನ್ನು ಕತ್ತರಿಸಿ ಲಕೋಟೆಯನ್ನು ಒಲೆಗೆ ಹಾಕುವುದು ನಮ್ಮ ಕಡೆಯ ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಹಲವು ಸಲ ಚೀಟಿಗಿಂತ ಇಡೀ ಲಕೋಟೆಗೇ ಹೆಚ್ಚು ಬೆಲೆ. ಯಾವ ಊರಿನಿಂದ, ಯಾವ ದಿನ, ಯಾವ ದರದಲ್ಲಿ, ಯಾವ ದಾರಿಯಲ್ಲಿ ಅದು ಬಂತು ಎಂಬುದೆಲ್ಲ ಮುದ್ರೆಗಳಲ್ಲಿ ಇರುತ್ತದೆ. ಕತ್ತರಿ ಆಡಿಸಿದರೆ ಆ ಸಾಕ್ಷ್ಯ ಹೋಯಿತು. ನಮ್ಮ ರಾಯಬಾಗದ ಉದಾಹರಣೆಯನ್ನೇ ನೋಡಿ. 1949ರ ಮಾರ್ಚ್ 1ರವರೆಗೆ ಇದು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1973ರ ಅದೇ ದಿನ ಆ ರಾಜ್ಯ ಕರ್ನಾಟಕವಾಯಿತು. ಊರು ಇದ್ದಲ್ಲೇ ಇದೆ. ಲಕೋಟೆಯ ಮೇಲಿನ ವಿಳಾಸದ ಕೊನೆಯ ಸಾಲು ಮಾತ್ರ ಬದಲಾಗುತ್ತ ಬಂದಿದೆ. ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ ಪತ್ರ. ನಮ್ಮ 591317 ಕೂಡ ಆ ವ್ಯವಸ್ಥೆಯ ಕೂಸೇ.

ತಂದೆಯವರ ಲಕೋಟೆಗಳಲ್ಲಿ ಕೆಲವದರೊಳಗೆ ಪತ್ರಗಳೂ ಇದ್ದವು. ಅಡತಿಯ ಲೆಕ್ಕದ ಪತ್ರಗಳನ್ನು ತೆಗೆದಿಟ್ಟು ಲಕೋಟೆಗಳನ್ನಷ್ಟೇ ಮಾರಿದೆವು. ಇನ್ನೊಬ್ಬರ ಕೊಡುಕೊಳ್ಳುವ ಮಾತು ನಮ್ಮ ಸೊತ್ತಲ್ಲ. ಒಂದು ಇನ್‌ಲ್ಯಾಂಡ್ ಪತ್ರ ಮಾತ್ರ ಬೇರೆಯದಿತ್ತು. ನಿಪ್ಪಾಣಿಯಿಂದ ತಂದೆ ನಮ್ಮ ತಾಯಿಗೆ ಬರೆದದ್ದು. ಸೊಸೆ ಅದನ್ನೂ ಪಟ್ಟಿಗೆ ಸೇರಿಸಲು ಅಳತೆ ತೆಗೆಯುತ್ತಿದ್ದಳು. ತಂಗಿ ಕೈಚಾಚಿ ತೆಗೆದುಕೊಂಡು ಓದಿದಳು. ‘ಮಗಳಿಗೆ ಕೆಮ್ಮು ಕಡಿಮೆಯಾಗಿದೆಯೋ ಹೇಗೆ, ತಿಳಿಸುವುದು’ ಎಂಬ ಒಂದು ಸಾಲು ಅದರಲ್ಲಿತ್ತು. ಆ ಪತ್ರ ಪಟ್ಟಿಗೆ ಹೋಗಲಿಲ್ಲ. ಅದರ ಬೆಲೆ ಎಷ್ಟಾಗಬಹುದು ಎಂದು ಯಾರೂ ಕೇಳಲೂ ಇಲ್ಲ.

ಮಾರಾಟ ಮಳೆಗಾಲದಿಂದ ದೀಪಾವಳಿಯವರೆಗೆ ನಡೆಯಿತು. ಚೀಟಿಗಳನ್ನು ಎರಡು ಗಟ್ಟಿ ರಟ್ಟಿನ ನಡುವೆ, ನೀರು ತಾಗದ ಹಾಳೆಯಲ್ಲಿ ಸುತ್ತಿ ಕಳಿಸಿದೆವು. ಮೊದಲ ಕೆಲವು ಪೊಟ್ಟಣಗಳು ರಿಜಿಸ್ಟರ್ಡ್ ಅಂಚೆಯಲ್ಲಿ ಹೋದವು. ಆಮೇಲೆ 2025ರಲ್ಲೇ ಅದು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾದ್ದರಿಂದ ಉಳಿದವು ಅದರಲ್ಲಿ ಹೋದವು. 12 ಆಣೆಯ ಗಾಂಧಿಯ ಬಗ್ಗೆ ವಿಚಾರಿಸಿದ ಇಬ್ಬರು ಕುಂದಿನ ವಿವರ ಓದಿ ಸುಮ್ಮನಾದರು. ಮೂರನೆಯವರು ಕಡಿಮೆ ಬೆಲೆಗೆ ಕೊಂಡರು. ಕುಂದಿಲ್ಲದ್ದನ್ನು ಕೊಳ್ಳುವ ಶಕ್ತಿ ಅವರಿಗಿರಲಿಲ್ಲವಂತೆ. ಇದೇ ಬೇಕಾಗಿತ್ತಂತೆ. ತಿಂಗಳ ಮೇಲೆ ಅವರೇ ಲಕೋಟೆಗಳ ಪಟ್ಟಿ ಕೇಳಿ ಅರ್ಧದಷ್ಟನ್ನು ಕೊಂಡರು.

ಒಟ್ಟು ಎಷ್ಟು ಬಂತು? ಪಾಲಕರು ಇದನ್ನೇ ಕೇಳುತ್ತೀರಿ ಎಂದು ಬಲ್ಲೆ. ಮೊದಲ ವರ್ಷದ ಪುಸ್ತಕಗಳು, ಎರಡು ಜೊತೆ ಸಮವಸ್ತ್ರ, ಹಾಸ್ಟೆಲಿನ ಎರಡು ತಿಂಗಳ ಊಟ. ಇಷ್ಟಕ್ಕೆ ಸರಿಹೋಯಿತು. ಶುಲ್ಕಕ್ಕೆ ಬೋರಮಾಳ ಬ್ಯಾಂಕಿಗೆ ಹೋಗಲೇಬೇಕಾಯಿತು. ಇನ್ನೂ ಅಲ್ಲೇ ಇದೆ. ಮೂವತ್ತು ನಲವತ್ತು ವರ್ಷ ಒಬ್ಬ ಮನುಷ್ಯ ಪ್ರೀತಿಯಿಂದ ಕೂಡಿಟ್ಟದ್ದು ಇಷ್ಟೇನೇ ಎಂದು ನಿಮಗೆ ಅನ್ನಿಸಬಹುದು. ನನಗೂ ಒಂದು ಸಂಜೆ ಅನ್ನಿಸಿತು. ಆದರೆ ತಂದೆ ಅದನ್ನು ಕೂಡಿಟ್ಟದ್ದು ಠೇವಣಿಯೆಂದಲ್ಲ. ದಿನವೆಲ್ಲ ತಂಬಾಕಿನ ಘಾಟಿನಲ್ಲಿ ಲೆಕ್ಕ ಬರೆದು ಬಂದವರಿಗೆ ರಾತ್ರಿ ಒಂದು ಗಂಟೆ ಹಂಗೇರಿ, ಫಿನ್ಲೆಂಡುಗಳಿಗೆ ಹೋಗಿಬರಲು ಅದು ಟಿಕೇಟಾಗಿತ್ತು. ಮಾರಿದಾಗ ಬಂದದ್ದು ಮೇಲಿನ ಗಳಿಕೆ.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ: ಮಗು ಚೀಟಿ ಕೂಡಿಸುತ್ತಿದ್ದರೆ ‘ಮುಂದೆ ಲಕ್ಷವಾದೀತು’ ಎಂದು ಆಸೆ ಹಚ್ಚಬೇಡಿ. ‘ಓದು ಬಿಟ್ಟು ಕಸ ಕೂಡಿಸುತ್ತಾನೆ’ ಎಂದು ಗದರಲೂ ಬೇಡಿ. ಆರರಿಂದ ಒಂಬತ್ತನೆಯ ತರಗತಿಯವರಿಗೆ ಅಂಚೆ ಇಲಾಖೆಯ ದೀನದಯಾಳ್ ಸ್ಪರ್ಶ್ ಎಂಬ ವಿದ್ಯಾರ್ಥಿವೇತನ 2017ರಲ್ಲಿ ಆರಂಭವಾಯಿತು. ತಿಂಗಳಿಗೆ 500ರಂತೆ ವರ್ಷಕ್ಕೆ 6000 ರೂಪಾಯಿ. ಶಾಲೆಯ ಅಂಚೆಚೀಟಿ ಸಂಘದ ಸದಸ್ಯತ್ವ ಅಥವಾ ಸ್ವಂತ ಫಿಲಾಟೆಲಿ ಠೇವಣಿ ಖಾತೆ, ಓದಿನಲ್ಲಿ ಒಳ್ಳೆಯ ಅಂಕ, ಜೊತೆಗೆ ಒಂದು ರಸಪ್ರಶ್ನೆ ಮತ್ತು ಯೋಜನಾಕಾರ್ಯ. ಈ ವರ್ಷದ ಪ್ರಕಟಣೆಯನ್ನು ನಿಮ್ಮ ಪ್ರಧಾನ ಅಂಚೆಕಚೇರಿಯಲ್ಲಿ ವಿಚಾರಿಸಿ. ಚೀಟಿಯಿಂದ ನೇರವಾಗಿ ಹಣ ಬರುವ ದಾರಿಯೆಂದರೆ ನನ್ನ ಬಲ್ಲಂತೆ ಇದೇ ಹೆಚ್ಚು ಭರವಸೆಯದು.

ವಿದ್ಯಾರ್ಥಿಗಳಿಗೆ ಇನ್ನೆರಡು ಮಾತು. ಮುದ್ರೆಯನ್ನು ರಾಸಾಯನಿಕದಿಂದ ಅಳಿಸಿ ಹೊಸದೆಂದು ತೋರಿಸುವ, ಹಿಂದೆ ಹೊಸದಾಗಿ ಅಂಟು ಬಳಿಯುವ, ‘ಸರ್ವಿಸ್’ ಎಂದು ಕಳ್ಳ ಮೇಲಚ್ಚು ಒತ್ತುವ ಕೈಚಳಕ ಜಗತ್ತಿನಲ್ಲಿ ಬೇಕಾದಷ್ಟಿದೆ. ಅಗ್ಗಕ್ಕೆ ಸಿಗುವ ಅಪೂರ್ವ ವಸ್ತುವನ್ನು ಕೊಳ್ಳುವ ಮುನ್ನ ಮಸೂರ ಹಿಡಿಯಿರಿ, ಹಲ್ಲು ಎಣಿಸಿ. ನೀವೇ ಮಾರುವಾಗ ಕುಂದಿನ ಕಲಮನ್ನು ಎಲ್ಲಕ್ಕೂ ಮೊದಲು ತುಂಬಿ. ನನ್ನ ಸೊಸೆ ಈಗ ಬೆಳಗಾವಿಯಲ್ಲಿ ಮೊದಲ ವರ್ಷದಲ್ಲಿದ್ದಾಳೆ. ಉಳಿದ ಎರಡು ಡಬ್ಬಿಗಳ ಪಟ್ಟಿಯನ್ನು ರಜೆಗೆ ಬಂದಾಗ ಬರೆಯುವುದಾಗಿ ಹೇಳಿದ್ದಾಳೆ. ವಿಶ್ವೇಶ್ವರಯ್ಯನವರನ್ನೂ ರಾಮನ್ನರನ್ನೂ ಮಾತ್ರ ಮಾರಕೂಡದೆಂದು ಈಗಲೇ ತಾಕೀತು ಮಾಡಿ ಹೋಗಿದ್ದಾಳೆ.